ಹೊತ್ತು ಮುಳುಗದ ಊರಿನ ಊಟ

ಸಾಂಗಲಿ,
೨ ಜುಲೈ ೨೦೦೭

ಚಿ. ಸೌ. ಶಾಲನಳಿಗೆ ಆಶೀರ್ವಾದ.

ಸಕಲ ಬಂಧುಬಾಂಧವರಿಗೂ, ವಿಶೇಷವಾಗಿ ಮಿರಜದಲ್ಲಿ ವಾಸವಾಗಿರುವ ನನ್ನ ಏಕಮಾತ್ರ ತಂಗಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಹತ್ತೂಕಾಲು ಗಂಟೆಗೆ ನಾನು ಸ್ವತಃ ಅಂಚೆ ಕಚೇರಿಗೆ ನಡೆದುಹೋಗಿ ಇಪ್ಪತ್ತು ಇನ್‌ಲ್ಯಾಂಡ್ ಪತ್ರಗಳನ್ನು ಕೊಂಡಿದ್ದೇನೆ. ಕೌಂಟರಿನ ಹುಡುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಕಾಕಾ, ಮೊಬೈಲ್ ನಾಹೀ ಕಾ?" ಎಂದಳು. ಇದೆ. ಸಂಮೇದ ಕೊಡಿಸಿದ್ದಾನೆ. ಆದರೆ ಅದರಲ್ಲಿ ನಿನ್ನ ಜೊತೆ ಮಾತಾಡಿದರೆ ನನ್ನ ಬಿ.ಪಿ. ಏರುತ್ತದೆ, ಮತ್ತು ನಾನು ಮುಖ್ಯ ವಿಷಯಕ್ಕೆ ಬರುವಷ್ಟರಲ್ಲಿ ನೀನು "ಆತು ಬಿಡ್ರಿ ಅಣ್ಣಾ" ಎಂದು ಇಟ್ಟುಬಿಡುತ್ತೀ. ಪತ್ರವನ್ನು ನಡುವೆ ಇಡಲು ಬರುವುದಿಲ್ಲ. ಸಾಂಗಲಿಗೂ ಮಿರಜಕ್ಕೂ ಆರು ಮೈಲಿ, ಈಗ ಎರಡೂ ಸೇರಿ ಒಂದೇ ಮಹಾನಗರಪಾಲಿಕೆ, ಇರಲಿ. ಇನ್ನು ಮುಂದೆ ನಮ್ಮಿಬ್ಬರ ವ್ಯವಹಾರ ಅಂಚೆಯಲ್ಲಿ ಮಾತ್ರ. ಅದೂ ಕನ್ನಡದಲ್ಲಿ. ನಮ್ಮ ಮನೆಯ ಹುಡುಗರಿಗೆ ಕನ್ನಡದಲ್ಲಿ ಬೈಸಿಕೊಳ್ಳಲು ಬರುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ಮನೆತನದ ಮಾನ ಕಾಗದದ ಮಡಿಕೆಯೊಳಗೇ ಉಳಿಯುತ್ತದೆ.

ಈಗ ವಿಷಯ. ನಿನ್ನೆ ಸಂಜೆ ಸಂಮೇದ ನನ್ನನ್ನು ಕಂಪ್ಯೂಟರಿನ ಮುಂದೆ ಕರೆದ. ನಿನ್ನ ಹಳೆಯ ವಿದ್ಯಾರ್ಥಿನಿ ವೃಷಾಲಿ, ಅಂದರೆ ನಿನ್ನನ್ನು ಐಸ್‌ಲ್ಯಾಂಡ್ ಎಂಬ ದೇಶಕ್ಕೆ ಎಳೆದುಕೊಂಡು ಹೋದ ಮಹಾತಾಯಿ, ಅಲ್ಲಿಯ ಫೋಟೋಗಳನ್ನು ಜಗತ್ತಿಗೆಲ್ಲ ತೋರಿಸಿದ್ದಾಳೆ. ಒಂದು ಫೋಟೋದಲ್ಲಿ ನೀನು. ನಿನ್ನ ತಲೆಯ ಮೇಲೆ ಗೋಡೆ ಗಡಿಯಾರ. ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷ. ನಿನ್ನ ಕೈಯಲ್ಲಿ ರೊಟ್ಟಿಯ ತುತ್ತು. ಬಾಯಿ ತೆರೆದಿದೆ. ಕೆಳಗೆ ವೃಷಾಲಿ ಬರೆದಿದ್ದಾಳೆ: "ರಾತ್ರಿ ಊಟ, ಹಿಮನದಿಯ ಪಕ್ಕ."

"ಪಪ್ಪಾ, ಆತ್ಯಾ ರಾತ್ರಿ ಹನ್ನೊಂದಕ್ಕ ಉಣ್ಣಾಕತ್ತಾಳ!" ಎಂದ ಸಂಮೇದ. ಸಂತೋಷದಿಂದ ಅಂದ. ಅದು ಇನ್ನೂ ಕೆಟ್ಟದ್ದು.

ಶಾಲೂ, ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಸೊಳ್ಳೆಗಳ ಹೊರತು ಯಾರೂ ಊಟ ಮಾಡಿದ್ದಿಲ್ಲ. ಈ ವರ್ಷ ಮುನಿ ಮಹಾರಾಜರ ಚಾತುರ್ಮಾಸ ನಮ್ಮ ಓಣಿಯ ಬಸದಿಯಲ್ಲಿ. ಅಪ್ಪ ಹೋದಾಗಿನಿಂದ, ಯಾವ ಮುನಿಗಳು ಬಂದರೂ ಬಾಗಿಲಲ್ಲಿ ಕಲಶ ಹಿಡಿದು ನಿಲ್ಲುವವರು ನಾನು ಮತ್ತು ನೀನು. ಅವರ ಆಹಾರಕ್ಕೆ ಮಡಿಯಲ್ಲಿ ಚೌಕಾದ ಅಡುಗೆ ಮಾಡುವವಳು ನೀನು. ಆ ತುತ್ತು ಹಿಡಿದ ಕೈಯಿಂದ ಮಹಾರಾಜರ ಅಂಜಲಿಗೆ ಆಹಾರ ಹೇಗೆ ಹಾಕುತ್ತೀ? ಕಾರಣ ಕೇಳುವುದಿಲ್ಲ. ಕಾರಣ ಇರಲು ಸಾಧ್ಯವಿಲ್ಲ. ಈ ವರ್ಷ ನೀನು ಚೌಕಾಕ್ಕೆ ಬರಕೂಡದು. ಇದು ನನ್ನ ಮಾತಲ್ಲ, ಬಸದಿ ಕಮಿಟಿಯ ಮಾತು.

ನಿನ್ನ ಅಣ್ಣ,
ಧರಣೇಂದ್ರ


ಮಿರಜ,
೬ ಜುಲೈ ೨೦೦೭

ತೀರ್ಥರೂಪ ಅಣ್ಣನಿಗೆ ನಮಸ್ಕಾರ.

ಮೊದಲು ಒಂದು ತಿದ್ದುಪಡಿ. ನಾನು ಸೌಭಾಗ್ಯವತಿ ಅಲ್ಲದೆ ಒಂಬತ್ತು ವರ್ಷವಾಯಿತು. ಸಿಟ್ಟಿನಲ್ಲಿ ನಿಮಗೆ ನಮ್ಮ ಯಜಮಾನ ಶಾಂತಿನಾಥರು ಹೋದದ್ದೂ ಮರೆತುಹೋಯಿತು, ಅವರಿದ್ದರೆ ನಗುತ್ತಿದ್ದರು.

ನಿಮ್ಮ ಪತ್ರಕ್ಕೆ ಆರು ಮೈಲಿ ಬರಲು ಮೂರು ದಿನ ಹಿಡಿಯಿತು. ನಾನು ಐಸ್‌ಲ್ಯಾಂಡಿಗೆ ಇದಕ್ಕಿಂತ ಬೇಗ ತಲುಪಿದ್ದೆ.

ಹೌದು, ಉಂಡೆ. ಹನ್ನೊಂದಕ್ಕೆ ಹತ್ತು ನಿಮಿಷ, ಗಡಿಯಾರ ಸರಿಯಾಗಿದೆ. ಕಾರಣ ಕೇಳುವುದಿಲ್ಲ ಎಂದಿರಿ. ಕೇಳದವರಿಗೆ ಹೇಳುವ ಚಟ ನನಗೆ ಶಾಲೆಯಲ್ಲಿ ಮೂವತ್ತೊಂದು ವರ್ಷ ಇತ್ತು, ಪೆನ್ಶನ್ ಬಂದ ದಿನ ಬಿಟ್ಟೆ.

ಆದರೆ ಇನ್ನೊಂದು ಸಂಗತಿಯನ್ನೂ ನೀವು ಕೇಳಲಿಲ್ಲ. ಬಂದು ಹತ್ತು ದಿನವಾಯಿತು, ಬಂದವರೆಲ್ಲ "ಬಾಯಿ, ಥಂಡಿ ಭಾಳ ಇತ್ತೇನ್ರಿ? ಚಾಕಲೇಟ್ ತಂದೀರೇನ್ರಿ?" ಎಂದರು. ಹಿಮನದಿ ಹೇಗಿತ್ತು ಎಂದು ಒಬ್ಬರೂ ಕೇಳಲಿಲ್ಲ. ಭೂಗೋಳದ ಟೀಚರ್‌ಬಾಯಿ ನಾನು. ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ ಬಿಳಿ ಸೀಮೆಸುಣ್ಣದಿಂದ ಹಿಮನದಿ ಬರೆದೆ. "ಹಿಮನದಿ ಬೆಳ್ಳಗಿರುತ್ತದೆ, ನಿಧಾನವಾಗಿ ಹರಿಯುತ್ತದೆ" ಎಂದು ಮಿರಜದ ಎರಡು ತಲೆಮಾರಿಗೆ ಕಲಿಸಿದೆ. ಅಣ್ಣಾ, ಅದು ಕರ್ರಗಿದೆ! ಕಬ್ಬಿನ ಗದ್ದೆ ಸುಟ್ಟ ಮರುದಿನ ಇರುವಂತೆ. ಮೇಲಿನ ಹಿಮದ ಹೊದಿಕೆಯ ಅಡಿಯಲ್ಲಿ ಜ್ವಾಲಾಮುಖಿ ಮಲಗಿದೆ. ಅದು ಹಿಂದೆ ಉಗುಳಿದ ಬೂದಿ ಪದರ ಪದರವಾಗಿ ಕೂತಿದೆ. ಕಡೆಯ ಸಲ ಎದ್ದದ್ದು ೧೯೧೮ರಲ್ಲಂತೆ, ನಮ್ಮ ಅಜ್ಜ ಜ್ವರಕ್ಕೆ ಹೆದರಿ ಊರ ಹೊರಗೆ ಗುಡಿಸಲು ಹಾಕಿದ ವರ್ಷ. ಬೂದಿ ಸೀಳಿದ ಕಡೆ ಮಾತ್ರ ಒಳಗೆ ನೀಲಿ. ಆ ನೀಲಿ ನನ್ನ ಸೀಮೆಸುಣ್ಣದ ಡಬ್ಬಿಯಲ್ಲಿ ಎಂದೂ ಇರಲಿಲ್ಲ. ಇತ್ತ ಹಿಮ, ಅತ್ತ ಕರಿ ಉಸುಕಿನ ಬಯಲು, ಅದರಾಚೆ ಕಡಲು. ಕಿವಿಗೊಟ್ಟರೆ ಹಿಮ ನಟಿಕೆ ಮುರಿಯುವ ಸಪ್ಪಳ.

ನಿಮ್ಮ ಪತ್ರದಲ್ಲಿ ಹಿಮನದಿಗೆ ಸಿಕ್ಕಿದ್ದು ಅರ್ಧ ವಾಕ್ಯ, ನನ್ನ ಬಾಯಿಗೆ ಸಿಕ್ಕಿದ್ದು ಇಡೀ ಪುಟ. ಜಗತ್ತಿನ ಅಳತೆ ನಿಮಗೆ ಹೀಗೆ ತಿಳಿದಿದ್ದರೆ ಅರಿಸಿನದ ಅಡತಿ ಅಂಗಡಿ ಹೇಗೆ ನಡೆಸಿದಿರೋ.

ಚೌಕಾದ ಮಾತಿಗೆ ಬರುತ್ತೇನೆ. ಅದು ನನ್ನಲ್ಲಿ ಉಳಿದಿರುವ ಒಂದೇ ಕೆಲಸ. ಅದನ್ನು ಒಂದು ಫೋಟೋ ನೋಡಿ ಕಸಿಯುವುದಾದರೆ, ಕಸಿದವರ ಹೆಸರು ಬರೆದು ಕಳಿಸಿರಿ.

ನಿಮ್ಮ ತಂಗಿ,
ಶಾಲನ


ಸಾಂಗಲಿ,
೧೪ ಜುಲೈ ೨೦೦೭

ಶಾಲನಳಿಗೆ,

ಹೆಸರು ಕೇಳುತ್ತೀಯಾ? ಕಮಿಟಿ ಅಂದರೆ ಕಮಿಟಿ. ಅದಕ್ಕೆ ಹೆಸರಿರುವುದಿಲ್ಲ, ಅಧ್ಯಕ್ಷರಿರುತ್ತಾರೆ. ಬಾಬಾಸಾಹೇಬರು.

ನೀನೇ ಬರೆದುಕೊಟ್ಟ ಸಾಕ್ಷಿಯ ಮೇಲೆ ಎರಡನೆಯ ಅಪರಾಧವೂ ಸಿಕ್ಕಿತು. ಹಿಮದ ಮೇಲೆ ನಡೆದೆಯಾ? ಒಂದು ಹನಿ ನೀರಿನಲ್ಲಿ ಎಷ್ಟು ಜೀವ ಎಂದು ನನಗೆ ಕಲಿಸಿದವಳು ನೀನು. ನಮ್ಮ ಮಗಳು ಸೋನಲಳ ಮದುವೆಯಲ್ಲಿ ಕಬ್ಬಿನ ಹಾಲಿಗೆ ಬರ್ಫ ಹಾಕಿದರೆಂದು ಗ್ಲಾಸನ್ನೇ ಮುಟ್ಟದೆ, ಬೀಗರ ಮುಂದೆ ನನ್ನ ಮುಖ ಸಣ್ಣದು ಮಾಡಿದವಳು ನೀನು. ಆಗ ಬೆರಳಷ್ಟು ಬರ್ಫ. ಈಗ ಒಂದು ಇಡೀ ಗುಡ್ಡ! ಅದೂ ಬರಿಗಾಲಲ್ಲ, ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು ಚಚ್ಚುತ್ತ ನಡೆದಿರುವ ಫೋಟೋವೂ ಇದೆ, ಸಂಮೇದ ಅದನ್ನು ದೊಡ್ಡದು ಮಾಡಿ ತೋರಿಸಿದ. ಕೆಳಗೆ ಬೆಂಕಿ, ಬೆಂಕಿಯ ಮೇಲೆ ಹಿಮ, ಹಿಮದ ಮೇಲೆ ಮುಳ್ಳು, ಮುಳ್ಳಿನ ಮೇಲೆ ನೀನು. ಶಾಸ್ತ್ರದಲ್ಲಿ ಇಷ್ಟು ಹಿಂಸೆಯನ್ನು ಒಂದೇ ಮಧ್ಯಾಹ್ನ ಮಾಡಿದ ಶ್ರಾವಿಕೆಯ ಉದಾಹರಣೆ ನನಗೆ ಸಿಗಲಿಲ್ಲ.

ಹೋಗುವ ಮೊದಲು ಹೇಳಿದ್ದರೆ ತೀರ್ಥಯಾತ್ರೆಗೆ ನಾನೇ ಕಳಿಸುತ್ತಿದ್ದೆ. ಬೆಟ್ಟ ಬೇಕಿದ್ದರೆ ಶಿಖರಜಿ ಇಲ್ಲವೇ?

ನಿನ್ನ ವೈನಿ "ಅಕಿಗೆ ಒಂದ್ ಫೋನ್ ಮಾಡ್ರಿ, ಸುಮ್ನ ಕಾಗದ ಬರಕೋತ ಕುಂತೀರಿ" ಎಂದು ಅಡುಗೆಮನೆಯಿಂದ ಕೂಗುತ್ತಿದ್ದಾಳೆ. ಇನ್ನೂ ಹದಿನೆಂಟು ಇನ್‌ಲ್ಯಾಂಡ್ ಪತ್ರ ಬಾಕಿ ಇವೆ. ವ್ಯರ್ಥ ಮಾಡಲಾರೆ.

ಧರಣೇಂದ್ರ


ಮಿರಜ,
೨೫ ಜುಲೈ ೨೦೦೭

ಅಣ್ಣನಿಗೆ,

ನಿನ್ನೆ ವೈನಿ ಕಣ್ಣು ತೋರಿಸಲು ಮಿರಜಕ್ಕೆ ಬಂದಿದ್ದರು. ಆಸ್ಪತ್ರೆಯ ಸಾಲಿನಲ್ಲಿ ವಿಜಾಪುರ, ಅಥಣಿಯ ಜನರ ನಡುವೆ ಎರಡು ತಾಸು ಒತ್ತಾಗಿ ಕೂತೆವು. ನಿಮ್ಮ ಹೆಂಡತಿ ರತ್ನಾಬಾಯಿಯವರು ನಿಮ್ಮ ಹಾಗೆ ಕಾಗದ ಬರೆಯುವವರಲ್ಲ, ಬಾಯಿ ಇರುವವರು.

"ಶಾಲೂ, ಕಮಿಟಿ ಏನೂ ಅಂದಿಲ್ಲ ನೋಡ. ಬಾಬಾಸಾಹೇಬ್ರು ಆ ಫೋಟೋನ ನೋಡಿಲ್ಲ. ನಿಮ್ಮಣ್ಣನ ಎದ್ದ ನಿಂತು, 'ನನ್ನ ತಂಗಿ ಈ ವರ್ಷ ಚೌಕಾದಾಗ ಇರಂಗಿಲ್ಲ' ಅಂದ್ರಂತ. ಯಾಕಂತ ಕೇಳಿದ್ರ, 'ಕೇಳಬ್ಯಾಡ್ರಿ' ಅಂದ್ರಂತ."

ನನಗೆ ಎಷ್ಟು ಸಿಟ್ಟು ಬಂತೆಂದರೆ, ನನ್ನ ನಂಬರ್ ಕೂಗಿದ್ದೂ ಕೇಳಿಸಲಿಲ್ಲ. ಅದು ವೈನಿಯ ನಂಬರ್ ಆಗಿತ್ತು, ಅದು ಬೇರೆ ಮಾತು.

ಯಾರೂ ಕೇಳದಿದ್ದ ಪ್ರಶ್ನೆಗೆ ನೀವು ಎದ್ದುನಿಂತು ಉತ್ತರ ಕೊಟ್ಟಿರಿ. ನನ್ನ ಬಗ್ಗೆ. ನನ್ನನ್ನು ಕೇಳದೆ. "ಕೇಳಬ್ಯಾಡ್ರಿ" ಎಂದ ಮೇಲೆ ಊರು ಏನೇನು ಊಹಿಸಿಕೊಂಡಿರಬಹುದು? ರಾತ್ರಿ ಊಟ ಎಂದೇ ಹೇಳಿದ್ದರೆ ಎಷ್ಟೋ ಮೇಲಿತ್ತು. ಈಗ ನಾನು ಅಲ್ಲಿ ಮೀನು ತಿಂದೆ ಎನ್ನುವವರೂ ಇದ್ದಾರೆ, ಮದುವೆಯಾಗಿ ಬಂದೆ ಎನ್ನುವವರೂ ಇದ್ದಾರೆ.

ಹಿಮದ ಜೀವಗಳ ಲೆಕ್ಕ ನನಗೆ ಬಿಡಿರಿ. ಹೆಜ್ಜೆಗೊಮ್ಮೆ "ಮಿಚ್ಛಾ ಮಿ ದುಕ್ಕಡಂ" ಎಂದು ಕ್ಷಮೆ ಕೇಳಿಕೊಂಡೇ ನಡೆದೆ, ನಮ್ಮನ್ನು ಕರೆದೊಯ್ದ ಜಡೆಯ ಹುಡುಗಿ, ಅಜ್ಜಿ ಹೆಜ್ಜೆ ಎಣಿಸುತ್ತಿದ್ದಾಳೆ ಎಂದು ತಿಳಿದು ಕಡೆಗೆ "ಎಷ್ಟಾಯಿತು?" ಎಂದು ಕೇಳಿದಳು. ಆ ಹಿಮವನ್ನು ನನ್ನ ಮುಳ್ಳು ಕೊಲ್ಲುತ್ತಿಲ್ಲ, ಅಣ್ಣಾ. ಅವಳು ಚಿಕ್ಕವಳಿದ್ದಾಗ ಹಿಮ ಇದ್ದ ಜಾಗದಲ್ಲಿ ಈಗ ಕೆಸರು ನೀರಿನ ಕೆರೆ. ಅದು ನಮ್ಮೆಲ್ಲರ ಒಲೆಗಳ, ಗಾಡಿಗಳ ಶಾಖಕ್ಕೆ ಕರಗುತ್ತಿದೆ. ನಿಮ್ಮ ಮನೆಯಲ್ಲಿ ಈಗ ಎಷ್ಟು ಗಾಡಿ? ಮೂರು?

ಹೊತ್ತಿನ ಲೆಕ್ಕಕ್ಕೆ ಬನ್ನಿರಿ. ನಿಮ್ಮ ಅಡುಗೆಮನೆಯ ಪಡುವಣ ಕಿಟಕಿಗೆ ಅಡ್ಡಲಾಗಿ ನಾಲ್ಕು ಅಂತಸ್ತಿನ ಕಾಂಪ್ಲೆಕ್ಸ್ ಎದ್ದು ಎರಡು ವರ್ಷ. ಅಂದಿನಿಂದ ಆ ಮನೆಯಲ್ಲಿ ಹೊತ್ತು ಮುಳುಗುವುದು ನಾಲ್ಕೂವರೆಗೆ. ನೀವು ಊಟಕ್ಕೆ ಕೂರುವುದು ಆರೂವರೆಗೆ, ಟ್ಯೂಬ್‌ಲೈಟ್ ಹಾಕಿಕೊಂಡು, ಪಂಚಾಂಗ ನೋಡಿಕೊಂಡು. ಲೋಡ್‌ಶೆಡ್ಡಿಂಗ್ ಇದ್ದರೆ ಮೇಣದಬತ್ತಿ. ತಾಟಿನಲ್ಲಿ ಬಿದ್ದದ್ದು ಜೀರಿಗೆಯೋ ಇರುವೆಯೋ ನಿಮಗೆ ಕಂಡಿದೆಯೇ? ನಾನು ಬಿಸಿಲಿನಲ್ಲಿ ಉಂಡೆ. ನೀವು ಕತ್ತಲೆಯಲ್ಲಿ ಉಣ್ಣುತ್ತೀರಿ. ಆದರೆ ನಿಮ್ಮ ಗಡಿಯಾರ ಒಳ್ಳೆಯ ಮನೆತನದ್ದು.

ಚಾತುರ್ಮಾಸ ಶುರುವಾಗಲು ನಾಲ್ಕು ದಿನ ಇದೆ. ಚೌಕಾಕ್ಕೆಂದು ಪ್ರತಿಸಲ ನಾನೇ ಬಿಸಿಲಿಗೆ ಹಾಕಿ, ಆರಿಸಿ, ಬೀಸಿ ಕೊಡುವ ಗೋಧಿ ಈ ಸಲ ಯಾರು ಆರಿಸುತ್ತಿದ್ದಾರೋ ತಿಳಿಯದು. ಕೇಳುವುದೂ ಇಲ್ಲ.

ಶಾಲನ


ಸಾಂಗಲಿ,
೯ ಆಗಸ್ಟ್ ೨೦೦೭
(ಸಂಮೇದನ ಕೈಯಲ್ಲಿ)

ಶಾಲೂ,

ಇದನ್ನು ಅಂಚೆಗೆ ಹಾಕುವಷ್ಟು ಸಮಯವಿಲ್ಲ. ಮಹಾರಾಜರಿಗೆ ಆಹಾರ ಆಗದೆ ಇಂದಿಗೆ ಮೂರು ದಿನ. ನೀರೂ ಇಲ್ಲ.

ನಿನಗೆ ಗೊತ್ತಿದ್ದದ್ದೇ, ಆದರೂ ಸಂಕಟದಲ್ಲಿ ಮನುಷ್ಯ ಗೊತ್ತಿದ್ದದ್ದನ್ನೇ ಹೇಳುತ್ತಾನೆ. ಅವರು ದಿನಕ್ಕೊಮ್ಮೆ ಹೊರಡುವಾಗ ಮನಸ್ಸಿನಲ್ಲೇ ಒಂದು ಸಂಕಲ್ಪ ಮಾಡಿಕೊಂಡಿರುತ್ತಾರೆ: ಇಂಥದ್ದು ಯಾವ ಬಾಗಿಲಲ್ಲಿ ಕಂಡರೆ ಅಲ್ಲಿ ಆಹಾರ, ಇಲ್ಲವಾದರೆ ಉಪವಾಸ. ಏನೆಂದು ಯಾರಿಗೂ ಹೇಳುವುದಿಲ್ಲ. ಓಣಿಯವರೆಲ್ಲ ಎಲ್ಲ ಪ್ರಯತ್ನ ಮಾಡಿದೆವು. ಗಂಡ-ಹೆಂಡತಿ ನಿಂತೆವು. ತೆಂಗಿನಕಾಯಿ ಹಿಡಿದೆವು. ಎರಡು ತೆಂಗಿನಕಾಯಿ ಹಿಡಿದೆವು. ದಾಳಿಂಬೆ, ಪೇರಲ, ಕಬ್ಬಿನ ಜಲ್ಲೆ. ಇಂದು ಅತ್ತೆ ಸೊಸೆ ಜೋಡಿಯಾಗಿ, ನಗುತ್ತ ನಿಂತದ್ದೂ ಆಯಿತು. ಇದು ನಮ್ಮ ಓಣಿಯ ಚರಿತ್ರೆಯಲ್ಲಿ ಮೊದಲು. ಮಹಾರಾಜರು ಎಲ್ಲರ ಮುಂದೆಯೂ ದಾಟಿ ತಿರುಗಿ ಹೋದರು.

ಸಂಜೆ ಬಾಬಾಸಾಹೇಬರು ಅಂದರು: "ಧರಣೇಂದ್ರಣ್ಣಾ, ಅಣ್ಣಾ ತಂಗಿ ಜೋಡಿ ಯಾರೂ ನಿಂತಿಲ್ಲ ನೋಡ್ರಿ. ಪ್ರತಿಸಲ ನೀವs ನಿಲ್ತಿದ್ರಿ. ತಂಗಿ ಎಲ್ಲಿ?"

ನಾನು ಕೆಮ್ಮಿದೆ.

ನಾಳೆ ಒಂಬತ್ತಕ್ಕೆ ಬಾ. ಹಿಂದಿನದನ್ನು ಆಮೇಲೆ ನೋಡೋಣ.

ಅಣ್ಣ


ಮಿರಜ,
೯ ಆಗಸ್ಟ್ ೨೦೦೭
(ಅದೇ ಸಂಮೇದನ ಕೈಯಲ್ಲಿ)

ಅಣ್ಣನಿಗೆ,

ತೆಂಗಿನಕಾಯಿ, ಎರಡು ತೆಂಗಿನಕಾಯಿ, ದಾಳಿಂಬೆ, ಪೇರಲ, ಕಬ್ಬು, ನಗುವ ಅತ್ತೆ, ಆಮೇಲೆ ತಂಗಿ. ಪಟ್ಟಿಯಲ್ಲಿ ನನಗೆ ಪೇರಲ ಹಣ್ಣಿನ ಕೆಳಗಾದರೂ ಜಾಗ ಸಿಕ್ಕಿತಲ್ಲ, ಉಪಕಾರ.

ನಾನು ಬರುವುದಿಲ್ಲ. ನನ್ನ ಕೈ ಅಶುದ್ಧವಾದರೆ, ಮಹಾರಾಜರು ಹಸಿದಿದ್ದಾರೆ ಎಂಬ ಕಾರಣಕ್ಕೆ ಅದು ನಾಳೆ ಒಂಬತ್ತಕ್ಕೆ ಶುದ್ಧವಾಗುವುದು ಹೇಗೆ? ಗೊತ್ತಿದ್ದೂ ಅಶುದ್ಧ ಕೈಯಿಂದ ಕೊಡಿಸುತ್ತೀರಾ? ಶುದ್ಧವಾದರೆ, ಜುಲೈ ಎರಡರಂದೂ ಶುದ್ಧವೇ ಇತ್ತು. ಹಾಗೆಂದು ನೀವು ಯಾರ ಮುಂದೆ ಎದ್ದುನಿಂತಿದ್ದಿರೋ ಅವರ ಮುಂದೆಯೇ ಎದ್ದುನಿಂತು ಹೇಳಿರಿ. "ಆಮೇಲೆ ನೋಡೋಣ" ಎನ್ನುವುದು ಅರಿಸಿನದ ವ್ಯಾಪಾರಕ್ಕೆ ಸರಿ.

ಅಣ್ಣ-ತಂಗಿ ಜೋಡಿ ಓಣಿಯಲ್ಲಿ ಇನ್ನೂ ಇದ್ದಾರೆ, ಹುಡುಕಿ ನಿಲ್ಲಿಸಿರಿ. ಮಹಾರಾಜರ ಹಸಿವನ್ನು ನನ್ನ ತಲೆಗೆ ಕಟ್ಟಬೇಡಿರಿ. ಅವರ ಸುದ್ದಿ ವೈನಿ ಮೊನ್ನೆಯೇ ತಿಳಿಸಿದ್ದಾರೆ. ಇಲ್ಲಿಯೂ ಒಲೆ ಹೊತ್ತಿಲ್ಲ.

ನಿಮಗೆ ನಾನು ಬೇಕಾದಾಗ ಕರೆದಿರಿ. ಬೇಡವಾಗಿರುವಾಗ ಕರೆಯಿರಿ, ನೋಡುತ್ತೇನೆ.

ಶಾಲನ


ಸಾಂಗಲಿ,
೧೬ ಆಗಸ್ಟ್ ೨೦೦೭

ಪ್ರಿಯ ಶಾಲೂ,

ಮಹಾರಾಜರಿಗೆ ಹತ್ತನೆಯ ತಾರೀಖಿನಂದೇ ಆಹಾರವಾಯಿತು. ನೀನು ಒಲೆ ಹೊತ್ತಿಸಿದ್ದೀ ಎಂದು ನಿನ್ನ ವೈನಿ ತಿಳಿಸಿದಳು, ನನಗೆ ಅಂದು ಊಟ ಸೇರಿತು. ಆಹಾರ ಆದದ್ದು ಓಣಿಯ ತುದಿಯ ತಾತ್ಯಾಸಾಹೇಬರ ಬಾಗಿಲಲ್ಲಿ. ಮುದುಕ ಒಬ್ಬನೇ ನಿಂತಿದ್ದ, ಕೈಯಲ್ಲಿ ಕಲಶ ಬಿಟ್ಟರೆ ಏನೂ ಇಲ್ಲ. ಸಂಕಲ್ಪ ಏನಿತ್ತೋ ದೇವರಿಗೇ ಗೊತ್ತು. ಅಂತೂ ಅಣ್ಣ-ತಂಗಿ ಆಗಿರಲಿಲ್ಲ. ಬಾಬಾಸಾಹೇಬರ ಊಹೆ ಸುಳ್ಳಾಯಿತು. ಅಂದರೆ ನನಗೆ ಈಗ ನಿನ್ನ ಅಗತ್ಯ ಏನೂ ಇಲ್ಲ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಬೇಡವಾಗಿರುವಾಗ ಕರೆಯಿರಿ ಎಂದು ನೀನು ಬರೆದಿದ್ದೆ.

ಮರುದಿನ ಮಧ್ಯಾಹ್ನ ಮಹಾರಾಜರ ಬಳಿ ಹೋಗಿ ಕೂತೆ. ಬೆಳಗಾವಿ ಕಡೆಯವರು, ನಮ್ಮ ಮಾತೇ ಆಡುತ್ತಾರೆ. "ಹೊತ್ತs ಮುಳುಗದ ಊರಾಗ ಶ್ರಾವಕರು ಏನ್ ಮಾಡಬೇಕ್ರಿ?" ಎಂದೆ, ಯಾರೋ ಮೂರನೆಯವರ ವಿಷಯ ಎಂಬಂತೆ.

"ಯಾರು ಹೋಗಿದ್ರು?"

"ನನ್ನ ತಂಗಿ ರಿ."

"ಅಕಿ ಏನಂತಾಳ?"

"ಕೇಳಿಲ್ರಿ."

"ಎಷ್ಟ್ ದಿನಾ ಆತು?"

"ಒಂದೂವರಿ ತಿಂಗಳಾತ್ರಿ."

ಅವರು ನವಿಲುಗರಿಯ ಪಿಂಛಿಯನ್ನು ಎತ್ತಿ ಇನ್ನೊಂದು ಬದಿಗೆ ಇಟ್ಟರು. ಶಾಲೂ, ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ನಿನ್ನೆ ಝೆಂಡಾ ಏರಿಸಿದ ಮೇಲೆ ಕಮಿಟಿ ಕೂಡಿತ್ತು. ಎದ್ದುನಿಂತೆ. "ತಂಗಿ ಬಗ್ಗೆ ನಾ ಹೇಳಿದ್ದು ನನ್ನ ಮಾತು, ಕಮಿಟಿದಲ್ಲ, ಅಕೀನ್ನ ಕೇಳದ ಹೇಳಿದ್ದು. ತಪ್ಪಾತು" ಎಂದೆ. ಬಾಬಾಸಾಹೇಬರು "ಕುಂದ್ರಿ ಕುಂದ್ರಿ, ನೀರ್ ಕುಡೀರಿ" ಎಂದರು. ಯಾರೂ ನಗಲಿಲ್ಲ, ಅದು ಒಳ್ಳೆಯದಾಯಿತು.

ಇನ್ನೊಂದು. ಮೊನ್ನೆ ಒಂದು ಸಂಜೆ ಐದಕ್ಕೆ ಅಡುಗೆಮನೆಯ ಟ್ಯೂಬ್‌ಲೈಟ್ ಆರಿಸಿ ನೋಡಿದೆ. ಬೇಳೆ ಯಾವುದು ಹರಳು ಯಾವುದು ತಿಳಿಯಲಿಲ್ಲ. ಆವತ್ತಿನಿಂದ ಊಟ ಮಾಳಿಗೆಯ ಮೇಲೆ. ನಿನ್ನ ವೈನಿ ಪಾತ್ರೆ ಹೊತ್ತು ಮೆಟ್ಟಿಲು ಹತ್ತುವಾಗ ನಿನ್ನನ್ನೂ ನನ್ನನ್ನೂ ಸಮನಾಗಿ ಬೈಯುತ್ತಾಳೆ.

ಆವತ್ತು ಅಲ್ಲಿ ಏನಾಯಿತು? ಕೇಳುತ್ತಿದ್ದೇನೆ.

ನಿನ್ನ ಅಣ್ಣ


ಮಿರಜ,
೨೦ ಆಗಸ್ಟ್ ೨೦೦೭

ಅಣ್ಣನಿಗೆ ನಮಸ್ಕಾರ.

ಏನೂ ಆಗಲಿಲ್ಲ. ನನಗೆ ಹಸಿವಾಗಿತ್ತು.

ಉಳಿದ ದಿನಗಳಲ್ಲಿ ಊರಿನ ರೂಢಿಯಂತೆ ಆರರೊಳಗೆ ಊಟ ಮುಗಿಸುತ್ತಿದ್ದೆ. ಆವತ್ತು ಹೊಳೆಯ ನೀರು ರಸ್ತೆಗೆ ಬಂದು ಬಸ್ಸು ಐದು ತಾಸು ನಿಂತಿತು. ಹಿಮನದಿಯ ಮೇಲೆ ಹತ್ತಿದ್ದೇ ಸಂಜೆ ಏಳಕ್ಕೆ. ಬೆಳಿಗ್ಗೆ ಎಂಟರ ಮೇಲೆ ಹೊಟ್ಟೆಯಲ್ಲಿ ಏನೂ ಇಲ್ಲ. ಕೆಳಗಿಳಿದು ಗುಡಿಸಲಿನಂಥ ಚಹಾದಂಗಡಿಗೆ ಬಂದಾಗ ಕಣ್ಣು ಮಂಜಾಗುತ್ತಿತ್ತು. ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ತೆಗೆದೆ. ಗಡಿಯಾರ ನೋಡಿದೆ. ಡಬ್ಬಿ ಮುಚ್ಚಿದೆ.

ಆಮೇಲೆ ಹೊರಗೆ ಹೋದೆ. ಖಂಡೇರಾಜುರಿಯ ಅಜ್ಜಿ ಮನೆಯಲ್ಲಿ ಗಡಿಯಾರ ಎಲ್ಲಿತ್ತು? ಮೋಡ ಕವಿದ ದಿನ ಅವಳು ಅಂಗಳಕ್ಕೆ ಬಂದು ಅಂಗೈ ಹಿಡಿದು ನೋಡುತ್ತಿದ್ದಳು: "ಗೆರಿ ಕಾಣ್ತಾವು, ಉಣ್ರಿ." ನಾನೂ ಹಿಡಿದೆ. ವಾಯವ್ಯದ ಗುಡ್ಡದ ಮೇಲೆ ಸೂರ್ಯ ಗೇಣುದ್ದ ಎತ್ತರದಲ್ಲಿದ್ದ. ಅಂಗೈಯ ಗೆರೆ ಅಷ್ಟೂ ಕಂಡವು. ಕಪ್ಪು ಬೂದಿ ಗೆರೆಯೊಳಗೆ ಕೂತು ಇನ್ನೂ ನಿಚ್ಚಳವಾಗಿದ್ದವು. ತೊಳೆದುಕೊಂಡು ಬಂದು ಉಂಡೆ. ಅಷ್ಟರಲ್ಲಿ ವೃಷಾಲಿ ಫೋಟೋ ತೆಗೆದಳು. ಸೂರ್ಯ ಹೊರಗಿದ್ದ, ಗಡಿಯಾರ ಒಳಗಿತ್ತು. ಫೋಟೋದಲ್ಲಿ ಬಂದದ್ದು ಗಡಿಯಾರ.

ನಾನು ಮಾಡಿದ್ದು ಸರಿಯೋ ತಪ್ಪೋ, ಮಹಾರಾಜರನ್ನು ನಾನೇ ಕೇಳುತ್ತೇನೆ. ತಪ್ಪೆಂದರೆ ಪ್ರಾಯಶ್ಚಿತ್ತ ತೆಗೆದುಕೊಳ್ಳುತ್ತೇನೆ, ನಿಮ್ಮ ಕೈಯಿಂದಲ್ಲ.

ಸಿಟ್ಟು ಇಳಿದಿದೆ ಎಂದು ತಿಳಿಯಬೇಡಿರಿ. ಸಿಟ್ಟಿಟ್ಟುಕೊಂಡು ಕೊಟ್ಟ ಆಹಾರ ಸಲ್ಲುವುದಿಲ್ಲವಾದ್ದರಿಂದ ಅದನ್ನು ಮಿರಜದಲ್ಲೇ ಬಿಟ್ಟು ಬರುತ್ತೇನೆ, ಹಿಂತಿರುಗಿ ಬಂದು ಮುಂದುವರಿಸುತ್ತೇನೆ. ಶನಿವಾರ ಮಧ್ಯಾಹ್ನ ಬಂದು ಗೋಧಿ ನೋಡುವೆ. ಆರಿಸಿದವರು ಯಾರೇ ಇರಲಿ, ಮತ್ತೊಮ್ಮೆ ಆರಿಸುವೆ. ರವಿವಾರ ಬೆಳಿಗ್ಗೆ ಬಾಗಿಲಲ್ಲಿ ನಿಲ್ಲುವುದು.

ನಿಮ್ಮಿಂದ ಒಂದು ಕೆಲಸ ಆಗಬೇಕು. ಮೇಲಿನ ಬಾಡಿಗೆಯ ಪಾರಿಸ ತನ್ನ ಸ್ಕೂಟರನ್ನು ನಿಮ್ಮ ಬಾಗಿಲಿಗೆ ಅಡ್ಡ ನಿಲ್ಲಿಸುತ್ತಾನೆ. ಶನಿವಾರ ಸಂಜೆಯೇ ಹೇಳಿ ಅದನ್ನು ತೆಗೆಸಿರಿ. ಅಲ್ಲಿ ಇಬ್ಬರು ನಿಲ್ಲುವಷ್ಟು ಜಾಗ ಬೇಕು.

ನಿಮ್ಮ ತಂಗಿ,
ಶಾಲನ